ಪ್ರೊಸೆಸರ್ ಬರಲಿ ಎಂದ ನಕ್ಷೆಗಾರ

"ಗುರುಗಳೇ, ಹಳೆಯದನ್ನೇ ಇಟ್ಟುಕೊಳ್ಳಲೋ, ಹೊಸದನ್ನು ತರಲೋ?"

ನಾಭಿರಾಜ ಹೀಗೆ ಕೇಳಿದ್ದು ಮೊದಲ ಸಲವಲ್ಲ. ಎಂಟು ತಿಂಗಳಿಂದ ಕೇಳುತ್ತಲೇ ಇದ್ದ. ತಾಲೂಕಿನ ಇಬ್ಬರು ರಿಪೇರಿಯವರನ್ನು ಕೇಳಿದ್ದ, ಕಾಲೇಜಿನಲ್ಲಿ ಪಾಠ ಹೇಳುವ ಭಾವನನ್ನು ಕೇಳಿದ್ದ, ಮುಖವನ್ನೇ ನೋಡದ ಎಷ್ಟೋ ಜನರನ್ನು ಇಂಟರ್ನೆಟ್ಟಿನಲ್ಲಿ ಕೇಳಿದ್ದ. ಹತ್ತು ಜನ ಹತ್ತು ರೀತಿ ಹೇಳಿದ್ದರು. ಕೇಳಿದಷ್ಟೂ ಅವನ ತಲೆ ಕೆಟ್ಟಿತ್ತು. ಕೊನೆಗೆ ಕಂಪ್ಯೂಟರಿನ ಗಂಧಗಾಳಿ ಇಲ್ಲದ ಗುರುಗಳನ್ನೇ ಕೇಳುವ ಹಂತಕ್ಕೆ ಬಂದಿದ್ದ.

ಸಂಗತಿ ಇಷ್ಟೇ. ಬಸದಿಯ ಪಕ್ಕದ ಪಾಠಶಾಲೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ಅದರ ಪ್ರೊಸೆಸರಿಗೆ ಹನ್ನೊಂದು ವರ್ಷ ವಯಸ್ಸಾಗಿತ್ತು. ಹಳಗನ್ನಡದ ಒಂದು ಗಣಿತಗ್ರಂಥಕ್ಕೆ ಗುರುಗಳು ಹೇಳುವ ವ್ಯಾಖ್ಯಾನವನ್ನು ನಾಭಿರಾಜ ಅದರಲ್ಲಿ ಬರೆದುಕೊಳ್ಳುತ್ತಿದ್ದ. ಗ್ರಂಥದ ನಾಲ್ಕು ಓಲೆಪ್ರತಿಗಳ ಚಿತ್ರಗಳನ್ನು ಪರದೆಯ ಮೇಲೆ ಒಟ್ಟಿಗೆ ತೆರೆದಿಡಬೇಕು. ಇವನು ಪದ್ಯ ಓದಬೇಕು, ಗುರುಗಳು ನಾಲ್ಕು ಪ್ರತಿಗಳನ್ನು ಹೋಲಿಸಿ ಸರಿಯಾದ ಪಾಠ ಯಾವುದೆಂದು ತೀರ್ಮಾನಿಸಿ, ಲೆಕ್ಕ ಬಿಡಿಸುವ ದಾರಿಯನ್ನು ಹೇಳಬೇಕು. ಆರು ಅಧ್ಯಾಯಗಳು ಹೀಗೆ ಮುಗಿದಿದ್ದವು.

ಏಳನೆಯದಕ್ಕೆ ಬರುವ ಹೊತ್ತಿಗೆ ಕಂಪ್ಯೂಟರ್ ಕೈಕೊಡತೊಡಗಿತು. ಒಂದು ಓಲೆಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಪರದೆ ಬೆಳ್ಳಗಾಗಿ ನಿಂತುಬಿಡುತ್ತಿತ್ತು. ಸ್ವಲ್ಪ ತಡೆಯಿರಿ ಗುರುಗಳೇ ಎಂದು ನಾಭಿರಾಜ ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದ. ಗುರುಗಳು ತಡೆಯುತ್ತಿದ್ದರು. ಒಂದು ದಿನ ಅವನಿಗೇ ನಾಚಿಕೆಯಾಗಿ, ಪ್ರೊಸೆಸರ್ ವಿಷಯ ಇತ್ಯರ್ಥವಾಗಲಿ, ಆಮೇಲೆ ಒಂದೇ ಸಮನೆ ಕೂತು ಮುಗಿಸೋಣ ಎಂದ. ಗುರುಗಳು ಆಗಲಿ ಎಂದರು. ಅದು ಎಂಟು ತಿಂಗಳ ಹಿಂದಿನ ಮಾತು.

ಆ ಏಳನೆಯ ಅಧ್ಯಾಯ ಉಳಿದ ಅಧ್ಯಾಯಗಳಂತಲ್ಲ. ಅದರಲ್ಲಿ ಲೆಕ್ಕಗಳಿದ್ದವು, ಉತ್ತರಗಳಿದ್ದವು, ನಡುವಿನ ದಾರಿ ಮಾತ್ರ ನಾಲ್ಕೂ ಪ್ರತಿಗಳಲ್ಲಿ ಇರಲಿಲ್ಲ. ಆ ದಾರಿಯನ್ನು ನಾಭಿರಾಜನ ಗುರುಗಳಾದ ಧರಣೇಂದ್ರ ಶಾಸ್ತ್ರಿಗಳು ಹುಡುಗರಾಗಿದ್ದಾಗ ತಮ್ಮ ಗುರುಗಳ ಬಾಯಿಂದ ಕಲಿತಿದ್ದರು. ಈಗ ಅವರನ್ನು ಬಿಟ್ಟರೆ ಬೇರೆ ಯಾರಿಗೂ ಅದು ಬರುತ್ತಿರಲಿಲ್ಲ. ಶಾಸ್ತ್ರಿಗಳಿಗೆ ಎಂಬತ್ತಾರು ವರ್ಷ. ಇದೆಲ್ಲ ನಾಭಿರಾಜನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಆ ಅಧ್ಯಾಯ ಎಡವದೆ ಬರಬೇಕು ಎಂಬ ಆಸೆ ಅವನಿಗೆ. ಆ ಆಸೆಯಿಂದಲೇ ಅದನ್ನು ನಿಲ್ಲಿಸಿದ್ದ.

ಅಂದು ಮಧ್ಯಾಹ್ನ ಊಟ ಮುಗಿಸಿ ಗುರುಗಳು ಪಾಠಶಾಲೆಯ ಜಗಲಿಯ ಮೇಲೆ ಕೂತಿದ್ದರು. ನಾಭಿರಾಜ ಅವರೆದುರು ಕೂತ, ಎದ್ದ, ಮತ್ತೆ ಕೂತ. ಅವನ ಕೈಯಲ್ಲಿದ್ದ ಫೋನಿನಲ್ಲಿ ಎರಡು ಪ್ರೊಸೆಸರುಗಳ ಹೋಲಿಕೆ ತೆರೆದೇ ಇತ್ತು. ಒಂದಕ್ಕೆ ವೇಗ ಹೆಚ್ಚು, ಇನ್ನೊಂದಕ್ಕೆ ಬಿಸಿ ಕಡಿಮೆ. ಹಳೆಯದನ್ನೇ ಇನ್ನೊಂದು ವರ್ಷ ದಬ್ಬಬಹುದು ಎಂದು ಮೂರನೆಯವನೊಬ್ಬ ಕೆಳಗೆ ಬರೆದಿದ್ದ. ಅದನ್ನು ಓದಿದ ಮೇಲಂತೂ ಅವನಿಗೆ ಅನ್ನ ಸೇರಿರಲಿಲ್ಲ.

ಗುರುಗಳು ಅವನ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಒಂದು ಕಡೆ ಕೂರುವುದಾದರೆ ಒಬ್ಬ ನಕ್ಷೆಗಾರನ ಕತೆ ಹೇಳುತ್ತೇನೆ ಎಂದರು. ನಾಭಿರಾಜ ಕಂಬಕ್ಕೆ ಒರಗಿ ಕೂತ. ಗುರುಗಳು ಹೇಳತೊಡಗಿದರು.

ಒಂದು ನೇಕಾರರ ಊರಿನಲ್ಲಿ ಒಬ್ಬ ನಕ್ಷೆಗಾರ ಇದ್ದ. ಸೀರೆಯ ಅಂಚಿನ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ತುಂಬುವುದು ಅವನ ಕಸುಬು. ಅವನು ತುಂಬಿದ ಹಾಗೆ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಸಿ ಮಗ್ಗದ ಮೇಲೆ ಕಟ್ಟಿದರೆ ಆ ನಕ್ಷೆ ಬಟ್ಟೆಯಲ್ಲಿ ಮೂಡುತ್ತಿತ್ತು. ಒಳ್ಳೆಯ ಕೆಲಸಗಾರ. ತನ್ನ ಊರಿನ ಹಳೆಯ ಅಂಚುಗಳೆಂದರೆ ಅವನಿಗೆ ಪ್ರಾಣ.

ಅದೇ ಊರಿನಲ್ಲಿ ಒಬ್ಬ ಮುದುಕ ನೇಕಾರ ಇದ್ದ. ಮಗ್ಗಕ್ಕೆ ರಟ್ಟು ಬರುವುದಕ್ಕೆ ಮುಂಚಿನ ಕಾಲದವನು. ಆಗಿನ ಪದ್ಧತಿಯಲ್ಲಿ ನೇಯುವವನು ಒಬ್ಬ, ಹೇಳುವವನು ಒಬ್ಬ. ಹೇಳುವವನು ಮಗ್ಗದ ಪಕ್ಕದಲ್ಲಿ ಕೂತು, ಎಷ್ಟು ಎಳೆ ಎತ್ತಬೇಕು, ಎಷ್ಟು ಬಿಡಬೇಕು ಎಂದು ಲಾಳಿಯ ಓಟಕ್ಕೆ ಸರಿಯಾಗಿ ಹೇಳಿಕೊಂಡು ಹೋಗುತ್ತಿದ್ದ. ಮೂರು ಎತ್ತು, ಎರಡು ಬಿಡು, ಒಂದು ಎತ್ತು, ಐದು ಬಿಡು. ನಮ್ಮ ಮುದುಕ ಹೇಳುವವನಾಗಿದ್ದ. ಐವತ್ತೆರಡು ಅಂಚುಗಳು ಅವನ ಬಾಯಲ್ಲಿದ್ದವು. ಬರೆದು ತೋರಿಸು ಎಂದರೆ ಅವನಿಗೆ ಬರುತ್ತಿರಲಿಲ್ಲ. ಅಂಚಿನ ಹೆಸರು ಹೇಳಿದರೆ ಸಾಕು, ಮೊದಲ ಎಳೆಯಿಂದ ಕೊನೆಯ ಎಳೆಯವರೆಗೆ ಕಣ್ಣು ಮುಚ್ಚಿ ಹೇಳಿ ಮುಗಿಸುತ್ತಿದ್ದ.

ಆ ಅಂಚುಗಳನ್ನು ಈಗ ಯಾರೂ ನೇಯುತ್ತಿರಲಿಲ್ಲ. ಅವುಗಳ ಹಳೆಯ ಸೀರೆಗಳೂ ಉಟ್ಟು ಹರಿದು ಹೋಗಿದ್ದವು. ಮುದುಕನ ಬಾಯಿಂದ ಕಂಪ್ಯೂಟರಿಗೆ ಇಳಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅದಕ್ಕಾಗಿ ಮುದುಕ ಪ್ರತಿ ಸಂತೆಯ ದಿನ ನಕ್ಷೆಗಾರನ ಮನೆಗೆ ಬರುತ್ತಿದ್ದ. ವಾರಕ್ಕೆ ಒಂದು ಅಂಚು ಹೇಳುತ್ತಿದ್ದ. ಸಂತೆಯ ಹಿಂದಿನ ದಿನವೆಲ್ಲ ಆ ಅಂಚನ್ನು ತನ್ನಷ್ಟಕ್ಕೆ ಗುನುಗಿಕೊಂಡು ಓಡಾಡುತ್ತಿದ್ದ. ಹೀಗೆ ಹತ್ತೊಂಬತ್ತು ಅಂಚುಗಳು ಇಳಿದವು.

ಇಪ್ಪತ್ತನೆಯದು ದೊಡ್ಡ ಅಂಚು. ಅರ್ಧ ತುಂಬುವ ಹೊತ್ತಿಗೆ ಕಂಪ್ಯೂಟರಿನ ಪ್ರೊಸೆಸರಿಗೆ ಏದುಸಿರು ಬಂತು. ಮುದುಕ ಹೇಳುವುದು ಮುಂದೆ, ಪರದೆ ಹಿಂದೆ. ನಕ್ಷೆಗಾರ ನಿಲ್ಲಿಸಲು ಹೇಳಿದ. ಮುದುಕ ನಿಲ್ಲಿಸಿದ. ಪರದೆ ತಿರುಗಿ ಎಚ್ಚೆತ್ತ ಮೇಲೆ ನಕ್ಷೆಗಾರ ಮುಂದುವರಿಸಲು ಹೇಳಿದ. ಮುದುಕ ಮುಂದುವರಿಸಲಿಲ್ಲ, ಮೊದಲ ಎಳೆಯಿಂದ ಶುರು ಮಾಡಿದ.

"ನಡುವ ನಿಂತರ ಮತ್ತ ಮೊದಲಿಂದನ ಬರಬೇಕು ತಮ್ಮಾ. ಇದು ಎಣಿಸೂದಲ್ಲ, ನಡಿಯೂದು" ಎಂದ ಮುದುಕ.

ಅಂದು ಆ ಒಂದು ಅಂಚಿಗೆ ಅವನು ಐದು ಸಲ ಮೊದಲಿಂದ ಹೊರಟ. ಅವನಿಗೆ ಬೇಸರವಾಗಲಿಲ್ಲ. ಎಲೆ ಅಡಿಕೆ ಹಾಕಿಕೊಂಡು ಮತ್ತೆ ಹೊರಡುತ್ತಿದ್ದ. ಬೇಸರವಾದದ್ದು ನಕ್ಷೆಗಾರನಿಗೆ.

ನಾಭಿರಾಜ ಇಲ್ಲಿ ಬಾಯಿ ಹಾಕಿದ. ಆ ಪ್ರೊಸೆಸರ್ ಎಷ್ಟು ಹಳೆಯದಾಗಿತ್ತು, ಯಾವ ಕಾಲದ್ದು ಎಂದು ಕೇಳಿದ. ನಿನ್ನದಕ್ಕಿಂತ ಒಂದು ವರ್ಷ ಚಿಕ್ಕದು ಎಂದು ಗುರುಗಳು ಹೇಳಿ ಕತೆಯನ್ನು ಮುಂದುವರಿಸಿದರು. ಹಾಗಾದರೆ ಬದಲಾಯಿಸಲೇಬೇಕಿತ್ತು ಎಂದು ನಾಭಿರಾಜ ಮನಸ್ಸಿನಲ್ಲೇ ತೀರ್ಮಾನಿಸಿದ. ಮರುಕ್ಷಣವೇ, ಫ್ಯಾನು ಒರೆಸಿ ನೋಡಿದ್ದನೋ ಇಲ್ಲವೋ ಎಂಬ ಅನುಮಾನ ಬಂತು.

ನಕ್ಷೆಗಾರ ಫ್ಯಾನನ್ನೂ ಒರೆಸಿದ್ದ. ಡಬ್ಬಿ ಬಿಚ್ಚಿ ಒಳಗಿನ ದೂಳು ಊದಿದ್ದ. ಎರಡು ದಿನ ಚೆನ್ನಾಗಿ ನಡೆದು ಮೂರನೆಯ ದಿನ ಮತ್ತೆ ಏದುಸಿರು. ಪ್ರೊಸೆಸರ್ ಬದಲಾಯಿಸೋಣ ಎಂದು ಹೊರಟ. ಹೊಸದು ಹಳೆಯ ಮದರ್‌ಬೋರ್ಡಿನಲ್ಲಿ ಕೂರುವುದಿಲ್ಲ ಎಂದು ಅಂಗಡಿಯವನು ಹೇಳಿದ. ಮದರ್‌ಬೋರ್ಡ್ ಬದಲಾಯಿಸಿದರೆ ಹಳೆಯ ರ್‍ಯಾಮ್ ಬರುವುದಿಲ್ಲ. ಅದನ್ನೂ ಹೊಸದು ಕೊಂಡರೂ, ಹೊಸ ಬೋರ್ಡಿನಲ್ಲಿ ರಟ್ಟಿಗೆ ತೂತು ಹೊಡೆಯುವ ಹಳೆಯ ಯಂತ್ರದ ವಯರು ಸಿಕ್ಕಿಸಲು ಜಾಗವೇ ಇರುವುದಿಲ್ಲ. ಒಂದು ಹಲ್ಲು ಕೀಳಿಸಲು ಹೋದವನಿಗೆ ದವಡೆಯನ್ನೇ ಬದಲಾಯಿಸಬೇಕು ಎಂದಂತಾಯಿತು.

ಹಳೆಯ ಬೋರ್ಡಿಗೇ ಹೊಂದುವ, ಇದ್ದುದಕ್ಕಿಂತ ಸ್ವಲ್ಪ ಚುರುಕಾದ ಪ್ರೊಸೆಸರೊಂದು ಬಳಸಿದ್ದು ಸಿಗುತ್ತದೆ ಎಂದು ಒಬ್ಬ ಹೇಳಿದ. ಅದು ಎರಡು ವರ್ಷವೂ ಬಾಳುವುದಿಲ್ಲ ಎಂದು ಇನ್ನೊಬ್ಬ ಹೇಳಿದ. ಹೊಸದನ್ನೇ ಕೊಳ್ಳುವುದೆಂದು ಗಟ್ಟಿ ಮಾಡಿದಾಗ, ಮೂರು ತಿಂಗಳಲ್ಲಿ ಅದಕ್ಕಿಂತ ಹೊಸದು ಬರುತ್ತದೆ ಎಂಬ ಸುದ್ದಿ ಬಂತು. ಮೂರು ತಿಂಗಳು ಕಾದ. ಅದು ಬಂದಾಗ, ವಿಪರೀತ ಬಿಸಿಯಾಗುತ್ತದೆ ಎಂದು ಯಾರೋ ದೂರಿದರು. ಅದರ ಮುಂದಿನದು ತಂಪಾಗಿರುತ್ತದಂತೆ ಎಂದು ಮತ್ತೆ ಯಾರೋ ಹೇಳಿದರು. ನಕ್ಷೆಗಾರ ಮೀನಮೇಷ ಎಣಿಸುತ್ತಲೇ ಹೋದ.

ಶುರುವಿನಲ್ಲೇ ಅವನು ಮುದುಕನಿಗೆ ಒಂದು ಮಾತು ಹೇಳಿದ್ದ. ಹೊಸ ಪ್ರೊಸೆಸರ್ ಬರಲಿ, ಬಂದ ಮೇಲೆ ನಾನೇ ಹೇಳಿ ಕಳಿಸುತ್ತೇನೆ, ಅಲ್ಲಿಯವರೆಗೆ ಈ ವಯಸ್ಸಿನಲ್ಲಿ ನಿನಗೆ ಸುಮ್ಮನೆ ತ್ರಾಸು ಬೇಡ ಎಂದಿದ್ದ. ಆ ಮಾತಿನಲ್ಲಿ ಎಳ್ಳಷ್ಟೂ ಕೆಟ್ಟತನವಿರಲಿಲ್ಲ. ಮುದುಕನ ಮೇಲಿನ ಪ್ರೀತಿಯಿಂದಲೇ ಹೇಳಿದ್ದ.

ಅಲ್ಲಿಯವರೆಗೆ ಪೆನ್ಸಿಲಿನಲ್ಲಿ ಬರೆದುಕೊಳ್ಳಬಾರದೇ, ನಿಮ್ಮಪ್ಪ ಹಾಗೇ ಬರೆದುಕೊಳ್ಳುತ್ತಿದ್ದನಲ್ಲ ಎಂದು ಮುದುಕ ಕೇಳಿದ. ಪೆನ್ಸಿಲಿನಲ್ಲಿ ಬರೆದು ಆಮೇಲೆ ಕಂಪ್ಯೂಟರಿಗೆ ಇಳಿಸುವುದೆಂದರೆ ಒಂದೇ ಕೆಲಸವನ್ನು ಎರಡು ಸಲ ಮಾಡಿದ ಹಾಗೆ ಎಂದ ನಕ್ಷೆಗಾರ. ಹೆಂಡತಿ, ಫೋನಿನಲ್ಲಿಯಾದರೂ ಆ ಅಜ್ಜನ ಮಾತನ್ನು ಹಿಡಿದಿಡಬಾರದೇ ಎಂದಳು. ಅದೂ ಎರಡು ಸಲದ ಕೆಲಸವೇ ಎಂದ. ಮುಂದಿನ ತಿಂಗಳು ಹೇಗಿದ್ದರೂ ಹೊಸದು ಬರುತ್ತದೆ. ಅವನ ಲೆಕ್ಕದಲ್ಲಿ ಅದು ಯಾವಾಗಲೂ ಮುಂದಿನ ತಿಂಗಳೇ ಬರುತ್ತಿತ್ತು.

ಅವನ ಅಪ್ಪ ನಕ್ಷೆ ಬರೆಯುತ್ತಿದ್ದ ಚೌಕಗೆರೆಯ ಪುಸ್ತಕವೊಂದು ಮನೆಯಲ್ಲಿತ್ತು. ಅದರಲ್ಲಿ ನೂರಾರು ಖಾಲಿ ಹಾಳೆಗಳಿದ್ದವು. ನಕ್ಷೆಗಾರ ಆ ಪುಸ್ತಕ ತೆಗೆದದ್ದು ನಿಜ, ಪೆನ್ಸಿಲ್ ಚೂಪು ಮಾಡಿದ್ದೂ ನಿಜ. ಆದರೆ ಅದರಲ್ಲಿ ಅವನು ಬರೆದದ್ದು ಅಂಚನ್ನಲ್ಲ, ಪ್ರೊಸೆಸರುಗಳ ಹೋಲಿಕೆಯನ್ನು. ಒಂದು ಸಾಲಿನಲ್ಲಿ ವೇಗ, ಒಂದು ಸಾಲಿನಲ್ಲಿ ಬಿಸಿ, ಒಂದು ಸಾಲಿನಲ್ಲಿ ಬಾಳಿಕೆ. ಹಾಳೆಯ ಮೇಲೆ ಹಾಳೆ ತುಂಬಿದವು.

ನಾಭಿರಾಜ ಫೋನನ್ನು ಅಂಗೈಯಲ್ಲಿ ಮುಚ್ಚಿ ಹಿಡಿದ. ಕತೆ ಎಲ್ಲಿಗೆ ಹೊರಟಿದೆ ಎಂದು ತನಗೆ ಅರ್ಥವಾಯಿತು ಎಂದುಕೊಂಡ. ಗುರುಗಳು ಚಂಚಲತೆಯನ್ನು ಬೈಯುತ್ತಿದ್ದಾರೆ, ಬೇಗ ನಿರ್ಧಾರ ಮಾಡು ಎನ್ನುತ್ತಿದ್ದಾರೆ. ಸರಿ, ಮಾಡಿದರಾಯಿತು. ಇಂದೇ ಹೊಸದಕ್ಕೆ ಹೇಳಿಬಿಟ್ಟರೆ ಈ ವಾರದಲ್ಲೇ ಬರುತ್ತದೆ, ಏಳನೆಯ ಅಧ್ಯಾಯ ಹಿಡಿಯಬಹುದು. ಎಷ್ಟೋ ತಿಂಗಳ ಮೇಲೆ ಅವನಿಗೆ ಎದೆ ಹಗುರವಾಯಿತು. ಎದ್ದು ಹೋಗಲು ಕಾಲು ತವಕಿಸುತ್ತಿತ್ತು, ಕತೆ ಮುಗಿಯಲಿ ಎಂದು ಕೂತ.

ಬರಬೇಡ ಎಂದ ಮೇಲೂ ಮುದುಕ ಮೂರು ಸಂತೆ ಬಂದ ಎಂದರು ಗುರುಗಳು. ಅಭ್ಯಾಸಬಲ. ಕಟ್ಟೆಯ ಮೇಲೆ ಕೂತು, ಬಂತೇನಪ್ಪ ಎಂದು ಕೇಳುತ್ತಿದ್ದ. ಇನ್ನೂ ಇಲ್ಲ ಎಂದು ನಕ್ಷೆಗಾರ ಒಳಗಿನಿಂದಲೇ ಹೇಳುತ್ತಿದ್ದ. ನಾಲ್ಕನೆಯ ಸಂತೆಗೆ ಮುದುಕ ಬರಲಿಲ್ಲ. ಅವನಿಗೆ ಸಿಟ್ಟಿರಲಿಲ್ಲ. ಹೇಳಿ ಕಳಿಸುತ್ತೇನೆ ಎಂದಿದ್ದಾನಲ್ಲ ಎಂದು ಮನೆಯಲ್ಲಿ ಉಳಿದ. ಮನೆಯಲ್ಲಿ ಅಂಚಿನ ವಿಷಯ ಯಾರೂ ಎತ್ತುತ್ತಿರಲಿಲ್ಲ. ಸಂತೆಯ ಹಿಂದಿನ ದಿನ ಗುನುಗಿಕೊಳ್ಳುವ ಅಗತ್ಯವೂ ಉಳಿಯಲಿಲ್ಲ.

ಇತ್ತ ನಕ್ಷೆಗಾರನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಬೆಳಿಗ್ಗೆ ಎದ್ದವನೇ ಹೊಸ ಪ್ರೊಸೆಸರಿನ ಸುದ್ದಿ ನೋಡುತ್ತಿದ್ದ. ಹಳೆಯ ಕಂಪ್ಯೂಟರ್ ಸಣ್ಣ ನಕ್ಷೆಗಳನ್ನು ಈಗಲೂ ಮಾಡುತ್ತಿತ್ತು, ಅವನು ಮಾಡಿಸುತ್ತಿರಲಿಲ್ಲ. ಮನೆಯಲ್ಲಿ ಯಾರು ಏನು ಹೇಳಿದರೂ ಹೊಸದು ಬರಲಿ ಎನ್ನುತ್ತಿದ್ದ. ಮಗಳಿಗೆ ಗಂಡು ನೋಡಲು ಹೋಗೋಣ ಎಂದರೂ ಅದೇ ಮಾತು ಬಾಯಿಗೆ ಬಂತು. ಮನೆಯವರು ನಕ್ಕರು, ಅವನು ನಗಲಿಲ್ಲ.

ಹನ್ನೊಂದನೆಯ ತಿಂಗಳು ಹೊಸದು ಬಂತು. ಒಳ್ಳೆಯದೇ ಬಂತು. ಅವನ ಆಯ್ಕೆಯಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ. ತೂತು ಹೊಡೆಯುವ ಯಂತ್ರಕ್ಕೂ ಏನೋ ಉಪಾಯ ಮಾಡಿ ಜೋಡಿಸಿದ. ಅರ್ಧಕ್ಕೆ ನಿಂತಿದ್ದ ಇಪ್ಪತ್ತನೆಯ ಅಂಚು ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಂಡಿತು. ಅವನು ಹೇಳಿ ಕಳಿಸಲಿಲ್ಲ. ತಾನೇ ಬೈಕಿನಲ್ಲಿ ಹೋಗಿ ಮುದುಕನನ್ನು ಹಿಂದೆ ಕೂರಿಸಿಕೊಂಡು ಬಂದ. ಕುರ್ಚಿ ಹಾಕಿದ. ನೀರು ಕೊಟ್ಟ. ಅಂಚಿನ ಹೆಸರು ಹೇಳಿದ.

ಮುದುಕ ಕಣ್ಣು ಮುಚ್ಚಿದ. ಮೂರು ಎತ್ತು, ಎರಡು ಬಿಡು, ಒಂದು ಎತ್ತು ಎಂದು ಹೊರಟ. ಏಳನೆಯ ಸಾಲಿನಲ್ಲಿ ನಿಂತ. ಮೊದಲಿಂದ ಹೊರಟ. ಮತ್ತೆ ಅಲ್ಲೇ ನಿಂತ. ಮೂರನೆಯ ಸಲ ನಾಲ್ಕನೆಯ ಸಾಲಿನಲ್ಲೇ ನಿಂತ. ಕಂಪ್ಯೂಟರ್ ಅಂದು ಎಲ್ಲೂ ನಿಲ್ಲಲಿಲ್ಲ, ಅವನ ಮುಂದಿನ ಮಾತಿಗೆ ಕಾಯುತ್ತಿತ್ತು. ನಕ್ಷೆಗಾರ ಬೇರೆ ಅಂಚಿನ ಹೆಸರು ಹೇಳಿದ. ಅದರೊಳಗೆ ಇನ್ನಾವುದೋ ಅಂಚಿನ ಎಳೆಗಳು ಬಂದು ಸೇರಿಕೊಂಡವು. ಮತ್ತೊಂದು ಹೇಳಿದ. ಮುದುಕನಿಗೆ ಆ ಹೆಸರೇ ಹೊಸದಾಗಿ ಕೇಳಿಸಿತು.

"ವಾರಕ್ಕೊಮ್ಮೆ ನೀ ಕೇಳ್ತಿದ್ದಿ, ಅದಕ್ಕ ಇತ್ತು. ಯಾರೂ ಕೇಳದ್ದು ನನ್ನ ಹತ್ರ ಎಷ್ಟ ದಿನ ಇರ್ತದಪಾ?" ಎಂದ ಮುದುಕ.

ನಕ್ಷೆಗಾರ ಮುಂದಿನ ಸಂತೆಗೆ ಮತ್ತೆ ಕರೆತಂದ. ಅದರ ಮುಂದಿನ ಸಂತೆಗೂ ಕರೆತಂದ. ಪೆನ್ಸಿಲ್ ಹಿಡಿದು ಕೂತ, ಫೋನನ್ನೂ ಮುಂದೆ ಇಟ್ಟ. ಈಗ ಎರಡು ಸಲವಲ್ಲ, ಮೂರು ಸಲ ಬರೆದುಕೊಳ್ಳಲೂ ಸಿದ್ಧನಾಗಿದ್ದ. ಉಳಿದಿದ್ದ ಮೂವತ್ತಮೂರು ಅಂಚುಗಳಲ್ಲಿ ನಾಲ್ಕರ ಚೂರುಪಾರು ಸಿಕ್ಕವು. ಒಂದೂ ಪೂರ್ತಿ ಸಿಗಲಿಲ್ಲ. ಆ ಕಂಪ್ಯೂಟರ್ ಈಗಲೂ ಅವನ ಮನೆಯಲ್ಲಿದೆ, ಬಹಳ ಚೆನ್ನಾಗಿ ನಡೆಯುತ್ತದೆ.

ಗುರುಗಳು ಕತೆ ನಿಲ್ಲಿಸಿದರು. ನಾಭಿರಾಜನಿಗೆ ಮುದುಕನ ಬಗ್ಗೆ ಕೆಡುಕೆನಿಸಿತು. ಆ ನಕ್ಷೆಗಾರನ ಮೇಲೆ ಸಿಟ್ಟೂ ಬಂತು, ಎಂಥ ದಡ್ಡ ಎಂದುಕೊಂಡ. ಆದರೆ ಅವನ ಮನಸ್ಸು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ತನ್ನ ಪ್ರಶ್ನೆ ಇನ್ನೂ ಹಾಗೇ ಇತ್ತು. ಆ ನಕ್ಷೆಗಾರ ಹಳೆಯದರಲ್ಲೇ ಐದಲ್ಲ ಹತ್ತು ಸಲ ಮೊದಲಿಂದ ಬರೆಯಬೇಕಿತ್ತೇ, ಇಲ್ಲ ಮೊದಲ ದಿನವೇ ಹೊಸದು ತರಬೇಕಿತ್ತೇ ಎಂದು ಕೇಳಿದ.

ಉತ್ತರಕ್ಕೂ ಕಾಯದೆ ನಾಭಿರಾಜ ತಾನೇ ಮುಂದುವರಿದ. ತಾನು ಆ ನಕ್ಷೆಗಾರನ ಹಾಗೆ ಮಾಡುವುದಿಲ್ಲ, ಇವತ್ತೇ ನಿರ್ಧಾರ ಮಾಡಿಬಿಟ್ಟೆ ಎಂದ. ಹೊಸದಕ್ಕೆ ಈಗಲೇ ಹೇಳುತ್ತೇನೆ, ಬರುವ ಅಷ್ಟಮಿಯ ಹೊತ್ತಿಗೆ ಜೋಡಿಸಿ ಆಗಿರುತ್ತದೆ, ಅಂದೇ ಕೂತು ಏಳನೆಯ ಅಧ್ಯಾಯದಲ್ಲಿ ನಾವು ನಿಲ್ಲಿಸಿದ ಹದಿನಾಲ್ಕನೆಯ ಪದ್ಯದಿಂದ ಹಿಡಿಯೋಣ ಎಂದ. ಇನ್ನು ಮುಂದೆ ತಡೆಯಿರಿ ಎಂದು ನಿಮಗೆ ಒಂದು ಸಲವೂ ಹೇಳುವುದಿಲ್ಲ ಎಂದು ಮಾತು ಕೊಟ್ಟ. ಹೇಳುತ್ತ ಹೇಳುತ್ತ ಫೋನನ್ನು ತಿರುಗಿಸಿ ಮತ್ತೆ ಆ ಎರಡು ಪ್ರೊಸೆಸರುಗಳನ್ನು ನೋಡತೊಡಗಿದ. ಎರಡರಲ್ಲಿ ಯಾವುದು ಎಂಬುದೊಂದು ಮಾತ್ರ ಉಳಿದಿತ್ತು. ಅದನ್ನಾದರೂ ನೀವು ಹೇಳಿಬಿಡಿ ಎಂದ.

ಗುರುಗಳು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಯಾವಾಗಲೂ ಅವನನ್ನು ಕೆಣಕಿ ಮಾತಾಡುವವರು ಇಂದು ಕೆಣಕಲಿಲ್ಲ. ಒರೆಸಿದ ಕನ್ನಡಕವನ್ನು ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡರು. ಆಮೇಲೆ ಹೇಳಿದರು:

"ಯಾವುದಾದರೂ ತಾ ನಾಭಿರಾಜ, ಆ ಪದ್ಯದ ಲೆಕ್ಕ ಬಿಡಿಸುವ ದಾರಿ ನನಗೆ ಮರೆತುಹೋಗಿ ಎರಡು ತಿಂಗಳಾಯಿತು."